ಬಾಕಿಯ ನಿಜಬೆಲೆ: ಹಾಸನದ ಲೆಕ್ಕಪುಸ್ತಕಗಳು ಕಲಿಸಿದ ಒಂಬತ್ತು ಪಾಠಗಳು

ಹಾಸನದಲ್ಲಿ ಕಚೇರಿ ಇಟ್ಟುಕೊಂಡು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸಣ್ಣ ಕಂಪನಿಗಳ ಲೆಕ್ಕ ತಪಾಸಣೆ ಮಾಡುವುದು ನನ್ನ ವೃತ್ತಿ. ಬೀಜ-ಗೊಬ್ಬರ ಮಾರುವವರು, ಅಕ್ಕಿ ಗಿರಣಿಯವರು, ಕೊಬ್ಬರಿ ವ್ಯಾಪಾರಿಗಳು, ಶೀತಲಗೃಹ ನಡೆಸುವವರು, ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವವರು, ಹೀಗೆ ನಾನಾ ಬಗೆಯ ವ್ಯವಹಾರ. ಇವರಲ್ಲಿ ಕಷ್ಟಕ್ಕೆ ಸಿಕ್ಕವರ ಪುಸ್ತಕ ಬಿಡಿಸಿದರೆ ಮಾರಾಟ ಚೆನ್ನಾಗಿಯೇ ಇರುತ್ತದೆ, ಲಾಭವೂ ಕಾಣುತ್ತದೆ. ಬ್ಯಾಂಕಿನಲ್ಲಿ ಮಾತ್ರ ದುಡ್ಡಿರುವುದಿಲ್ಲ. ಆ ಲಾಭವೆಲ್ಲ ಯಾರ ಯಾರ ಹೆಸರಿನ ಖಾತೆಯಲ್ಲೋ ಬಾಕಿಯಾಗಿ ಕೂತಿರುತ್ತದೆ.

ಬಾರದ ಹಣವನ್ನು ಆಸ್ತಿ ಎಂದು ಬರೆದಿಟ್ಟುಕೊಂಡರೆ ನಷ್ಟ ತಪ್ಪುವುದಿಲ್ಲ, ಮುಂದಕ್ಕೆ ಹೋಗುತ್ತದೆ ಅಷ್ಟೆ. ಮುಂದಕ್ಕೆ ಹೋದ ನಷ್ಟ ಬೆಳೆಯುತ್ತಲೇ ಇರುತ್ತದೆ. ಇಲ್ಲದ ಲಾಭಕ್ಕೆ ತೆರಿಗೆ ಕಟ್ಟಿರುತ್ತೇವೆ, ಆ ಲಾಭ ನಂಬಿ ಹೊಸ ಸಾಲ ತೆಗೆದಿರುತ್ತೇವೆ, ಹಣ ಕೊಡದ ಅದೇ ಗಿರಾಕಿಗೆ ಇನ್ನೊಂದು ಲೋಡು ಸರಕು ಕಳಿಸಿರುತ್ತೇವೆ. ಇದನ್ನು ತಡೆಯುವ ದಾರಿ ಲೆಕ್ಕ ಬರೆಯುವ ಮೇಜಿನಿಂದಲೇ ಶುರುವಾಗಬೇಕು. ನಾನು ಕಲಿತದ್ದನ್ನು ಇಲ್ಲಿ ಪಾಠಗಳಾಗಿ ಬರೆದಿದ್ದೇನೆ.

1. ಗಡುವನ್ನು ಮಾರಿದ ದಿನವೇ ಬಿಲ್ಲಿನಲ್ಲಿ ಬರೆಯಿರಿ

ನಮ್ಮ ಕಡೆ ಉದ್ರಿಗೆ ಗಡುವು ಅಂದರೆ ಬೆಳೆ. "ಆಲೂಗಡ್ಡೆ ಕಿತ್ತ ಮೇಲೆ ಕೊಡ್ತೀನಿ", "ಹೊಗೆಸೊಪ್ಪು ಹರಾಜಾಗ್ಲಿ ಬಿಡಿ" ಎಂದರೆ ಇಬ್ಬರಿಗೂ ಅರ್ಥವಾಗುತ್ತದೆ. ಆದರೆ ಆ ಮಾತು ಬಿಲ್ಲಿನಲ್ಲಿ ಇರುವುದಿಲ್ಲ.

ಕಂಪನಿ ಕಾಯ್ದೆ 2013ರ ಮೂರನೇ ಅನುಸೂಚಿಗೆ 2021ರ ಮಾರ್ಚ್‌ನಲ್ಲಿ ತಿದ್ದುಪಡಿ ಬಂತು. ಅಲ್ಲಿಂದೀಚೆಗೆ ಪ್ರತಿ ಕಂಪನಿಯೂ ತನಗೆ ಬರಬೇಕಾದ ವ್ಯಾಪಾರದ ಬಾಕಿಯನ್ನು ವಯಸ್ಸಿನ ಪ್ರಕಾರ ಬಿಡಿಸಿ ತೋರಿಸಬೇಕು: 6 ತಿಂಗಳೊಳಗಿನದು, 6 ತಿಂಗಳಿಂದ 1 ವರ್ಷ, 1ರಿಂದ 2 ವರ್ಷ, 2ರಿಂದ 3 ವರ್ಷ, 3 ವರ್ಷ ಮೀರಿದ್ದು. ತಕರಾರು ಇರುವ ಬಾಕಿ ಬೇರೆ, ಇಲ್ಲದ ಬಾಕಿ ಬೇರೆ. ಬರುವ ಭರವಸೆ ಇರುವುದು ಬೇರೆ, ಅನುಮಾನದ್ದು ಬೇರೆ. ಈ ವಯಸ್ಸನ್ನು ಎಣಿಸುವುದು ಹಣ ಕೊಡಬೇಕಾದ ಗಡುವಿನ ದಿನದಿಂದ. ಗಡುವು ಗೊತ್ತುಮಾಡಿಲ್ಲದಿದ್ದರೆ ವ್ಯವಹಾರ ನಡೆದ ದಿನದಿಂದ.

ಮೇ 20ಕ್ಕೆ ಬಿತ್ತನೆ ಆಲೂಗಡ್ಡೆ ಮಾರಿದ ಕಂಪನಿಯನ್ನು ತೆಗೆದುಕೊಳ್ಳಿ. ಬಿಲ್ಲಿನಲ್ಲಿ ಗಡುವಿಲ್ಲದಿದ್ದರೆ ಮಾರ್ಚ್ 31ಕ್ಕೆ ಆ ಬಾಕಿ ಹತ್ತು ತಿಂಗಳು ದಾಟಿ ಎರಡನೇ ಕಾಲಂಗೆ ಬೀಳುತ್ತದೆ. "ಪಾವತಿ ಅಕ್ಟೋಬರ್ 15ರೊಳಗೆ" ಎಂದು ಬರೆದಿದ್ದರೆ ಅದೇ ಬಾಕಿ ಆರು ತಿಂಗಳೊಳಗಿನ ಕಾಲಂನಲ್ಲೇ ನಿಲ್ಲುತ್ತದೆ. ಸಾಲದ ಮಿತಿ ಹೆಚ್ಚಿಸುವಾಗ ಬ್ಯಾಂಕಿನವರು ಓದುವುದು ಈ ಪಟ್ಟಿಯನ್ನೇ. ಮಾರುವಾಗ ನಿಜವಾಗಿ ಒಪ್ಪಿಕೊಂಡ ಗಡುವನ್ನೇ ಬರೆಯಬೇಕು. ವರ್ಷಾಂತ್ಯದಲ್ಲಿ ಪಟ್ಟಿ ಚೆಂದ ಕಾಣಲೆಂದು ಹಳೆಯ ಬಿಲ್ಲಿಗೆ ಗಡುವು ಸೇರಿಸುವುದು ಸುಳ್ಳು ದಾಖಲೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಲೇಬೇಕು; ಹಾಗೆ ಸೇರಿಸಿದ್ದು ತಪಾಸಣೆಯಲ್ಲಿ ಸಿಗುತ್ತದೆ.

2. ವಯಸ್ಸಿನ ಪಟ್ಟಿಯನ್ನು ಬೆಳೆಯ ಜೊತೆ ಇಟ್ಟು ಓದಿ

ಬಾಕಿಯ ವಯಸ್ಸು ಅರ್ಧ ಸತ್ಯ ಹೇಳುತ್ತದೆ. ಉಳಿದರ್ಧ ಹೇಳುವುದು ಹೊಲ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಹಣ ಕೈಗೆ ಬರುವ ಕಾಲ ಒಂದೇ ಅಲ್ಲ.

ಹಾಸನದ ಮುಂಗಾರು ಆಲೂಗಡ್ಡೆ ಮೇ-ಜೂನ್‌ನಲ್ಲಿ ನೆಲಕ್ಕೆ ಬಿದ್ದು ಸುಮಾರು ಮೂರು ತಿಂಗಳಿಗೆ ಕೀಳಲು ಬರುತ್ತದೆ. ಬಿತ್ತನೆ ಗೆಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಯಲ್ಲಿ ಬರುತ್ತದೆ, ಆ ಖರ್ಚು ಮೊದಲೇ ಆಗಿರುತ್ತದೆ. ಮಧ್ಯೆ ಅಂಗಮಾರಿ ಬಿದ್ದರೆ ಒಬ್ಬ ರೈತನ ಬಾಕಿ ನಿಲ್ಲುವುದಲ್ಲ, ಇಡೀ ಹೋಬಳಿಯ ಬಾಕಿ ಒಟ್ಟಿಗೆ ನಿಲ್ಲುತ್ತದೆ. ಅರಕಲಗೂಡಿನ ಹೊಗೆಸೊಪ್ಪಿನ ದುಡ್ಡು ರಾಮನಾಥಪುರದ ತಂಬಾಕು ಮಂಡಳಿಯ ಹರಾಜು ಕಟ್ಟೆ ಶುರುವಾದ ಮೇಲಷ್ಟೇ ಓಡಾಡುತ್ತದೆ. ಬೆಳೆಗಾರನ ಬ್ಯಾಂಕ್ ಸಾಲವೂ ಹರಾಜಿನ ಹಣದಿಂದಲೇ ತೀರಬೇಕು. ಹಾಗಾಗಿ ಗೊಬ್ಬರ ಮಾರಿದವನ ಸರದಿ ಬ್ಯಾಂಕಿನ ಹಿಂದೆ. ಚನ್ನರಾಯಪಟ್ಟಣದ ತೆಂಗಿನ ಮನೆಗಳಲ್ಲಿ ಉಂಡೆ ಕೊಬ್ಬರಿಗೆಂದು ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಇರುತ್ತದೆ. ಅಲ್ಲಿ ಎಂಟು ತಿಂಗಳ ಬಾಕಿ ಎಂದರೆ ಗಾಬರಿಪಡಬೇಕಿಲ್ಲ, ಕಾಯಿ ಅಟ್ಟದಲ್ಲಿದೆಯೇ ಎಂದು ಕೇಳಬೇಕು. ಹೊಳೆನರಸೀಪುರದ ಭತ್ತದ ಕಡೆ ಎಲ್ಲವೂ ಗೊರೂರಿನ ಹೇಮಾವತಿ ಅಣೆಕಟ್ಟೆಯಿಂದ ನಾಲೆಗೆ ನೀರು ಬಿಟ್ಟರೋ ಇಲ್ಲವೋ ಎಂಬುದರ ಮೇಲೆ.

ಇದರಿಂದ ನಾನು ಒಂದು ನಿಯಮ ಮಾಡಿಕೊಂಡಿದ್ದೇನೆ. ಗಿರಾಕಿಯ ಕೈಗೆ ಆ ಬೆಳೆಯ ಹಣ ಬಂದ ಮೇಲೂ ನಿಂತಿರುವ ಬಾಕಿ ಎಷ್ಟೇ ಹೊಸದಾಗಿದ್ದರೂ ಅನುಮಾನದ್ದು. ಹಣ ಬರುವ ಕಾಲವೇ ಬಂದಿಲ್ಲದ ಬಾಕಿ ಹಳೆಯದಾಗಿ ಕಂಡರೂ ಜೀವಂತ. ಹರಾಜು ಮುಗಿಯುವ ಹೊತ್ತಿಗೂ ಹೊಗೆಸೊಪ್ಪಿನ ಗಿರಾಕಿ ಬಂದಿಲ್ಲವೆಂದರೆ ಮುಂದಿನ ಹರಾಜಿನವರೆಗೆ ಅವನ ಕೈಯಲ್ಲಿ ಕೊಡಲು ಹಣವಿರುವುದಿಲ್ಲ. ಪ್ರೊವಿಜನ್, ಅಂದರೆ ಆಗಬಹುದಾದ ನಷ್ಟಕ್ಕೆ ಮೊದಲೇ ತೆಗೆದಿಡುವ ಮೊತ್ತ, ಎಷ್ಟು ಎಂದು ನಿರ್ಧರಿಸುವಾಗ ಬೆಳೆವಾರು, ತಾಲ್ಲೂಕುವಾರು ಗುಂಪು ಮಾಡಿ, ಹಿಂದಿನ ವರ್ಷಗಳಲ್ಲಿ ಆ ಗುಂಪಿನಲ್ಲಿ ನೂರಕ್ಕೆ ಎಷ್ಟು ಮುಳುಗಿತು ಎಂದು ನೋಡಿ. ಭಾರಿ ಕಂಪನಿಗಳು ಪಾಲಿಸುವ ಇಂಡ್-ಎಎಸ್ 109 ಎಂಬ ಲೆಕ್ಕಪತ್ರ ಮಾನಕ ಕೇಳುವುದೂ ಇದನ್ನೇ: ಮುಳುಗಿದ ಮೇಲೆ ಬರೆಯುವುದಲ್ಲ, ಮುಳುಗಬಹುದಾದ್ದನ್ನು ಮೊದಲೇ ಅಂದಾಜು ಮಾಡುವುದು. ಆ ಮಾನಕ ನಮ್ಮ ಸಣ್ಣ ಕಂಪನಿಗಳಿಗೆ ಕಡ್ಡಾಯವಲ್ಲ. ಅದರ ಹಿಂದಿರುವ ವಿವೇಕ ಎಲ್ಲರಿಗೂ ಬೇಕು.

3. ಏಪ್ರಿಲ್ ನಂತರದ ರಸೀದಿಗಳೇ ಒಳ್ಳೆಯ ಸಾಕ್ಷಿ

ಮಾರ್ಚ್ 31ರ ಬಾಕಿ ನಿಜವೇ ಎಂದು ತಿಳಿಯಲು ಮೊದಲು ನೋಡಬೇಕಾದದ್ದು ನಂತರದ ತಿಂಗಳುಗಳ ಬ್ಯಾಂಕ್ ಪುಸ್ತಕ. ತಪಾಸಣೆ ಮುಗಿಯುವುದರೊಳಗೆ ಹಣ ಬಂದಿದ್ದರೆ ವಾದವೇ ಇಲ್ಲ. ಗಿರಾಕಿ ಜೂನ್‌ನಲ್ಲಿ ದಿವಾಳಿಯಾದನೆಂದರೆ, ಅವನು ಮಾರ್ಚ್‌ನಲ್ಲೇ ಸೋತಿದ್ದನೆಂಬುದಕ್ಕೆ ಅದು ಪುರಾವೆ. ಸಣ್ಣ ಕಂಪನಿಗಳು ಪಾಲಿಸುವ ಲೆಕ್ಕಪತ್ರ ಮಾನಕ ಎಎಸ್ 4ರ ಪ್ರಕಾರ ಆ ನಷ್ಟವನ್ನು ಮಾರ್ಚ್‌ನ ಲೆಕ್ಕಕ್ಕೇ ತರಬೇಕು.

4. ಮೂರು ವರ್ಷ ತುಂಬುವ ಮುನ್ನ ಸಹಿ ಹಾಕಿಸಿಕೊಳ್ಳಿ

1963ರ ಕಾಲಮಿತಿ ಕಾಯ್ದೆಯಂತೆ ಇಂಥ ಬಾಕಿಯ ದಾವೆಗೆ ಮೂರು ವರ್ಷದ ಮಿತಿ. ಅದು ಕಳೆದರೆ ಸಾಲ ಇದ್ದರೂ ಕೋರ್ಟಿನ ಬಾಗಿಲು ಮುಚ್ಚುತ್ತದೆ. ಆ ಕಾಯ್ದೆಯ 18ನೇ ಕಲಂ ಒಂದು ದಾರಿ ಇಟ್ಟಿದೆ: ಮಿತಿ ಮುಗಿಯುವ ಮೊದಲೇ ಸಾಲಗಾರ ಬರಹದಲ್ಲಿ ಬಾಕಿ ಒಪ್ಪಿ ಸಹಿ ಹಾಕಿದರೆ, ಅಂದಿನಿಂದ ಹೊಸದಾಗಿ ಎಣಿಕೆ ಶುರು. 19ನೇ ಕಲಂನಂತೆ ಭಾಗಶಃ ಪಾವತಿಯೂ ಹಾಗೆಯೇ, ಅದಕ್ಕೆ ಅವನ ಕೈಬರಹ ಅಥವಾ ಸಹಿಯ ದಾಖಲೆ ಇರಬೇಕು.

ನಮ್ಮಲ್ಲಿ ಬಹಳ ಜನ ಬಾಕಿ ದೃಢೀಕರಣ ಪತ್ರ ಕೇಳಲು ಸಂಕೋಚಪಡುತ್ತಾರೆ. ನೆಂಟರು, ಊರವರು, ಸಹಿ ಕೇಳಿದರೆ ಬೇಜಾರಾಗುತ್ತಾರೆ ಎಂಬ ಅಳುಕು. ಪ್ರತಿ ವರ್ಷ ಎಲ್ಲರಿಗೂ ಒಂದೇ ಪತ್ರ ಕಳಿಸಿ, "ನಮ್ಮ ಆಡಿಟರು ಕೇಳಿದ್ದಾರೆ" ಎನ್ನಿ. ಬೇಜಾರೆಲ್ಲ ನನ್ನ ಮೇಲಿರಲಿ. ಸಾಲಗಾರ ಕಂಪನಿಯಾಗಿದ್ದರೆ ಅದರ ಬ್ಯಾಲೆನ್ಸ್ ಶೀಟನ್ನು ಶುಲ್ಕ ಕಟ್ಟಿ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲಿನಿಂದ ಪಡೆಯಬಹುದು. ಬ್ಯಾಲೆನ್ಸ್ ಶೀಟಿನ ನಮೂದೂ ಸಾಲದ ಒಪ್ಪಿಗೆಯಾಗಬಲ್ಲದು, ಅದು ಪ್ರಕರಣದ ಸಂಗತಿಗಳನ್ನು ಅವಲಂಬಿಸುತ್ತದೆ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

5. ಪ್ರೊವಿಜನ್ ಬೇರೆ, ರೈಟ್ ಆಫ್ ಬೇರೆ

ಬಾಕಿ ಬರುವುದು ಅನುಮಾನವೆನಿಸಿದರೆ ಪ್ರೊವಿಜನ್. ಲಾಭ-ನಷ್ಟ ಖಾತೆಗೆ ಖರ್ಚು ಹಾಕುತ್ತೀರಿ, ಗಿರಾಕಿಯ ಖಾತೆ ಹಾಗೇ ಇರುತ್ತದೆ, ವಸೂಲಿ ಮುಂದುವರಿಯುತ್ತದೆ. ಬರುವುದೇ ಇಲ್ಲವೆಂದು ತೀರ್ಮಾನಿಸಿದರೆ ರೈಟ್ ಆಫ್. ಆಗ ಬಾಕಿಯೇ ಆಸ್ತಿಯ ಪಟ್ಟಿಯಿಂದ ಇಳಿಯುತ್ತದೆ. 10 ಲಕ್ಷ ಬಾಕಿಯಲ್ಲಿ 4 ಲಕ್ಷ ಅನುಮಾನವಾದರೆ ಈ ವರ್ಷ 4 ಲಕ್ಷಕ್ಕೆ ಪ್ರೊವಿಜನ್. ಮುಂದಿನ ವರ್ಷ 6 ಲಕ್ಷ ಬಂದು ಉಳಿದದ್ದು ಮುಳುಗಿದರೆ, ಮಾಡಿಟ್ಟ ಪ್ರೊವಿಜನ್ನಿಗೇ ಅದನ್ನು ಹೊಂದಿಸುತ್ತೀರಿ. ಆ ವರ್ಷದ ಲಾಭಕ್ಕೆ ಪೆಟ್ಟು ಬೀಳುವುದಿಲ್ಲ. ನಷ್ಟ ಯಾವ ವರ್ಷದ ಮಾರಾಟದ್ದೋ ಆ ವರ್ಷಕ್ಕೆ ಹತ್ತಿರದಲ್ಲೇ ಕಾಣಿಸಿಕೊಳ್ಳುವುದು ಇದರ ಗುಣ.

ಆದಾಯ ತೆರಿಗೆಯವರಿಗೆ ಈ ಎರಡೂ ಒಂದೇ ಅಲ್ಲ. 1961ರ ಕಾಯ್ದೆಯ 36(1)(vii) ಕಲಂ ಕಡಿತ ಕೊಡುವುದು ರೈಟ್ ಆಫ್‌ಗೆ. ಬಾಕಿ ಮುಳುಗಿದೆಯೆಂದು ಸಾಬೀತು ಮಾಡಬೇಕಿಲ್ಲ, ಪುಸ್ತಕದಲ್ಲಿ ಬಾರದ್ದೆಂದು ಬರೆದುಹಾಕಿದರೆ ಸಾಕು ಎಂದು ಟಿಆರ್‌ಎಫ್ ಲಿಮಿಟೆಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಪಿತ್ತಿತು. ಅದೇ ವರ್ಷ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣವೂ ಇತ್ಯರ್ಥವಾಯಿತು. ಲಾಭ-ನಷ್ಟ ಖಾತೆಗೆ ಖರ್ಚು ಹಾಕಿ, ಬ್ಯಾಲೆನ್ಸ್ ಶೀಟಿನ ಆಸ್ತಿ ಬದಿಯಲ್ಲಿ ಸಾಲದ ಮೊತ್ತವನ್ನೂ ಅಷ್ಟೇ ಇಳಿಸಿದ್ದರೆ ಅದು ರೈಟ್ ಆಫ್ ಆಯಿತು, ಒಬ್ಬೊಬ್ಬ ಸಾಲಗಾರನ ಖಾತೆ ಮುಚ್ಚಬೇಕಿಲ್ಲ ಎಂಬುದು ಅದರ ಸಾರ. ಖಾತೆ ಮುಚ್ಚಿದರೆ ಸಾಲಗಾರನ ವಕೀಲ ಕೋರ್ಟಿನಲ್ಲಿ ಅದನ್ನೇ ಹಿಡಿದಾನು ಎಂಬ ಬ್ಯಾಂಕಿನ ಆತಂಕವನ್ನು ನ್ಯಾಯಾಲಯ ಒಪ್ಪಿತು. ಹೊಸ ಆದಾಯ ತೆರಿಗೆ ಕಾಯ್ದೆ, 2025ರಲ್ಲಿ ಕಲಂಗಳ ಸಂಖ್ಯೆ ಬೇರೆ, ಅದನ್ನು ನೋಡಿಕೊಂಡು ನಮೂದಿಸಿ.

ಒಂದು ಷರತ್ತು ಮರೆಯಬೇಡಿ. ಆ ಬಾಕಿ ಹಿಂದೆಂದಾದರೂ ನಿಮ್ಮ ಆದಾಯದಲ್ಲಿ ಸೇರಿರಬೇಕು, ಇಲ್ಲವೇ ನೀವು ಲೇವಾದೇವಿ ವ್ಯವಹಾರದವರಾಗಿರಬೇಕು. ಗೊಬ್ಬರದ ಕಂಪನಿ ಇನ್ನೊಂದು ಕಂಪನಿಗೆ ಕೊಟ್ಟ ಕೈಸಾಲ ಮುಳುಗಿದರೆ ಅಸಲಿಗೆ ಈ ಕಲಂನಲ್ಲಿ ಕಡಿತವಿಲ್ಲ. ಜಿಎಸ್‌ಟಿಯೂ ಅಷ್ಟೆ: ಗಿರಾಕಿ ಹಣ ಕೊಡಲಿಲ್ಲವೆಂದು ನೀವು ಕಟ್ಟಿದ ತೆರಿಗೆ ಹಿಂದಿರುಗುವುದಿಲ್ಲ. ಸರಕು ವಾಪಸ್ ಬಂದರೆ, ಗುಣಮಟ್ಟದ ಕೊರತೆಯಿಂದ ಬೆಲೆ ಇಳಿಸಿದರೆ ಕ್ರೆಡಿಟ್ ನೋಟು ಕೊಡಬಹುದು, ಬರೀ ಬಾಕಿಗೆ ಕೊಡುವಂತಿಲ್ಲ. ಉದ್ರಿ ಮಾರುವಾಗ ತೆರಿಗೆಯ ಪಾಲನ್ನಾದರೂ ನಗದಾಗಿ ವಸೂಲು ಮಾಡಿ ಎಂದು ನಾನು ಹೇಳುವುದು ಇದಕ್ಕೇ.

6. ಕಂಪನಿಯ ಸಾಲಕ್ಕೆ ಕಾಗದ, ಕಾರಣ, ಗಡುವು ಮೂರೂ ಇರಲಿ

ಸಣ್ಣ ಕಂಪನಿಗಳಲ್ಲಿ ಅತಿ ಹೆಚ್ಚು ಹಾಳು ಮಾಡುವ ಖಾತೆ ಗಿರಾಕಿಗಳದ್ದಲ್ಲ, "ಸಾಲ ಮತ್ತು ಮುಂಗಡ" ಎಂಬ ತಲೆಬರಹದ್ದು. ಅಣ್ಣನ ಕಂಪನಿಯಿಂದ ತಮ್ಮನ ಕಂಪನಿಗೆ, ಗಿರಣಿಯಿಂದ ಪೆಟ್ರೋಲ್ ಬಂಕಿಗೆ, ಕಂಪನಿಯಿಂದ ನಿರ್ದೇಶಕರ ಮನೆ ಕಟ್ಟುವ ಕೆಲಸಕ್ಕೆ ಹಣ ಹೋಗಿರುತ್ತದೆ. ಪತ್ರವಿಲ್ಲ, ಬಡ್ಡಿಯಿಲ್ಲ, ವಾಪಸಾತಿಯ ದಿನವಿಲ್ಲ.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. ಕಂಪನಿ ಕಾಯ್ದೆಯ 185ನೇ ಕಲಂ ನಿರ್ದೇಶಕರಿಗೂ ಅವರ ಸಂಬಂಧಿಕರಿಗೂ ಸಾಲ ಕೊಡುವುದನ್ನು ತಡೆಯುತ್ತದೆ. ಕೆಲವು ಪ್ರೈವೇಟ್ ಕಂಪನಿಗಳಿಗೆ ಷರತ್ತಿನ ವಿನಾಯಿತಿ ಉಂಟು. 186ನೇ ಕಲಂ ಒಟ್ಟು ಸಾಲ-ಹೂಡಿಕೆಗೆ ಮಿತಿ ಹಾಕುತ್ತದೆ: ಪಾವತಿಯಾದ ಬಂಡವಾಳ, ಮುಕ್ತ ಮೀಸಲು, ಷೇರು ಪ್ರೀಮಿಯಂ ಸೇರಿ ಅದರ ಶೇ. 60, ಅಥವಾ ಮುಕ್ತ ಮೀಸಲು ಮತ್ತು ಪ್ರೀಮಿಯಂನ ಶೇ. 100, ಇವೆರಡರಲ್ಲಿ ಹೆಚ್ಚಿನದು. ಮೀರಬೇಕಾದರೆ ಷೇರುದಾರರ ವಿಶೇಷ ನಿರ್ಣಯ ಬೇಕು. ಬಡ್ಡಿ ದರ ಆ ಅವಧಿಗೆ ಹತ್ತಿರದ ಸರ್ಕಾರಿ ಬಾಂಡಿನ ಇಳುವರಿಗಿಂತ ಕಡಿಮೆ ಇರಕೂಡದು. ಕೇಳಿದಾಗ ಕೊಡಬೇಕಾದ, ಇಲ್ಲವೇ ಷರತ್ತೇ ಇಲ್ಲದ ಸಾಲ ಪ್ರವರ್ತಕರು, ನಿರ್ದೇಶಕರು, ಸಂಬಂಧಿತ ಪಾರ್ಟಿಗಳಿಗೆ ಹೋಗಿದ್ದರೆ, ಒಟ್ಟು ಸಾಲದಲ್ಲಿ ಅದು ಶೇಕಡಾ ಎಷ್ಟು ಎಂದು ಬ್ಯಾಲೆನ್ಸ್ ಶೀಟಿನಲ್ಲಿ ತೋರಿಸಬೇಕು. ಶೇ. 10ರಷ್ಟು ಮತಾಧಿಕಾರವಿರುವ ಷೇರುದಾರರಿಗೆ ಸಾಲ ಹೋದರೆ ಆದಾಯ ತೆರಿಗೆಯವರು ಅದನ್ನು ಲಾಭಾಂಶವೆಂದೇ ಎಣಿಸಬಹುದು.

ಇದು ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ನಮ್ಮ ಪಕ್ಕದ ಚಿಕ್ಕಮಗಳೂರಿನ ನಂಟಿರುವ ಕಾಫಿ ಡೇ ಎಂಟರ್‌ಪ್ರೈಸಸ್ ಪ್ರಕರಣ ನೋಡಬೇಕು. 2020ರ ಜುಲೈನಲ್ಲಿ ಕಂಪನಿ ಬಹಿರಂಗಪಡಿಸಿದ ತನಿಖಾ ವರದಿಯಂತೆ, ಪ್ರವರ್ತಕರ ಕುಟುಂಬಕ್ಕೆ ಸೇರಿದ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್‌ನಿಂದ ಕಾಫಿ ಡೇಯ ಅಂಗಸಂಸ್ಥೆಗಳಿಗೆ 2019ರ ಜುಲೈ 31ಕ್ಕೆ 3,535 ಕೋಟಿ ರೂಪಾಯಿ ಬರಬೇಕಿತ್ತು. ಅದೇ ವರ್ಷದ ಮಾರ್ಚ್ 31ರ ಕ್ರೋಡೀಕೃತ ಲೆಕ್ಕಪತ್ರದಲ್ಲಿ ಇದ್ದದ್ದು 842 ಕೋಟಿ. ಉಳಿದ 2,693 ಕೋಟಿ ವರದಿಯಲ್ಲಿ ಹೆಚ್ಚುವರಿ ಬಾಕಿಯಾಗಿ ಬಂತು. 2023ರ ಜನವರಿಯಲ್ಲಿ ಷೇರು ಪೇಟೆಯ ನಿಯಂತ್ರಕ ಸೆಬಿ ಕಂಪನಿಗೆ 26 ಕೋಟಿ ದಂಡ ವಿಧಿಸಿ ಆದೇಶ ಹೊರಡಿಸಿತು. ಷೇರುದಾರ, ಸಾಲ ಕೊಟ್ಟವರು, ಕಾಫಿ ಮಾರಿದ ಬೆಳೆಗಾರ, ಇವರೆಲ್ಲರ ಚಿಂತೆ ಕೊನೆಗೆ ಆ ಒಂದು ಬಾಕಿ ಬರುತ್ತದೆಯೇ ಎಂಬಲ್ಲಿಗೆ ಬಂದು ನಿಂತಿತು. ಸಂಬಂಧಿತ ಪಾರ್ಟಿಯ ಸಾಲವನ್ನು ಹೊರಗಿನವನ ಸಾಲಕ್ಕಿಂತ ಕಟ್ಟುನಿಟ್ಟಾಗಿ ನೋಡಬೇಕು. ಹೊರಗಿನವನನ್ನಾದರೆ ನೀವು ಬೆನ್ನು ಹತ್ತುತ್ತೀರಿ. ಮನೆಯವರ ಬೆನ್ನು ಹತ್ತುವವರು ಯಾರು?

7. ಸಂಶಯದ ಸಾಲಕ್ಕೆ ಬಡ್ಡಿ ಬರೆದು ಲಾಭ ಹಿಗ್ಗಿಸಬೇಡಿ

ಅಸಲೇ ಬಾರದ ಸಾಲದ ಮೇಲೆ ವರ್ಷ ವರ್ಷ ಬಡ್ಡಿ ಆದಾಯ ಬರೆಯುವ ಅಭ್ಯಾಸ ಇದೆ. ಎಎಸ್ 9 ಹೇಳುವುದು ಹೀಗೆ: ಹಕ್ಕು ಹುಟ್ಟುವ ಹೊತ್ತಿಗೇ ವಸೂಲಿಯ ಭರವಸೆ ಇಲ್ಲದಿದ್ದರೆ ಆದಾಯ ಬರೆಯುವುದನ್ನೇ ಮುಂದೂಡಿ, ಬರೆದ ಮೇಲೆ ಅನುಮಾನ ಹುಟ್ಟಿದರೆ ಆದಾಯ ಅಳಿಸಬೇಡಿ, ಪ್ರೊವಿಜನ್ ಮಾಡಿ. ಬ್ಯಾಂಕುಗಳಿಗೂ ಇಂಥದೇ ಶಿಸ್ತಿದೆ. ಸಾಮಾನ್ಯ ಸಾಲ 90 ದಿನ ಬಾಕಿಯಾದರೆ, ಅಲ್ಪಾವಧಿ ಬೆಳೆಸಾಲ ಎರಡು ಬೆಳೆ ಹಂಗಾಮು ದಾಟಿದರೆ ಅದು ಎನ್‌ಪಿಎ, ಅಂದರೆ ಅನುತ್ಪಾದಕ ಸಾಲ. ಆಮೇಲೆ ಕೈಗೆ ಬಂದ ಬಡ್ಡಿಯನ್ನಷ್ಟೇ ಆದಾಯವೆನ್ನಬೇಕು. ಹೊಲದ ಸಾಲವನ್ನು ಹಂಗಾಮಿನಿಂದ ಅಳೆಯಬೇಕೆಂದು ರಿಸರ್ವ್ ಬ್ಯಾಂಕೇ ಒಪ್ಪಿರುವಾಗ, ನಮ್ಮ ಕಂಪನಿಗಳೂ ಹಾಗೇ ಅಳೆಯಬಹುದು.

8. ನಿಂತ ಯಂತ್ರ ಪುಸ್ತಕದಲ್ಲಿ ಓಡುತ್ತಿರಬಾರದು

ಬಾಕಿಯಂತೆ ಯಂತ್ರವೂ ಬೆಲೆ ಕಳೆದುಕೊಳ್ಳುತ್ತದೆ. ನಾಲೆಗೆ ನೀರಿಲ್ಲದ ವರ್ಷ ಗಿರಣಿ ಕೆಲವು ತಿಂಗಳು ನಿಲ್ಲುವುದು ಋತುವಿನ ಸಂಗತಿ. ಅದರಿಂದ ಬೆಲೆ ಇಳಿಸಬೇಕಿಲ್ಲ. ಆಲೂಗಡ್ಡೆಯ ಬಿತ್ತನೆಯೇ ಕುಗ್ಗಿ ಶೀತಲಗೃಹದ ಒಂದು ಕೋಣೆ ವರ್ಷಗಳಿಂದ ಖಾಲಿ ಇದ್ದರೆ ಅದು ಬೇರೆ ಮಾತು. ಅಂಥ ಸೂಚನೆ ಕಂಡಾಗ ಎಎಸ್ 28 ಲೆಕ್ಕ ಮಾಡಿ ನೋಡಿ ಎನ್ನುತ್ತದೆ.

ಅಕ್ಕಿ ಗಿರಣಿಯ ಒಂದು ಯಂತ್ರದ ಸಾಲಿಗೆ ಪುಸ್ತಕದ ಬೆಲೆ 40 ಲಕ್ಷ ಎಂದುಕೊಳ್ಳಿ. ಈಗ ಮಾರಿದರೆ ಖರ್ಚು ಕಳೆದು 22 ಲಕ್ಷ ಬರುತ್ತದೆ. ಇಟ್ಟುಕೊಂಡು ಓಡಿಸಿದರೆ ಉಳಿದ ಆಯುಷ್ಯದಲ್ಲಿ ದುಡಿಯುವುದು ಇವತ್ತಿನ ಬೆಲೆಯಲ್ಲಿ 27 ಲಕ್ಷ. ಎರಡರಲ್ಲಿ ಹೆಚ್ಚಿನದಾದ 27 ಲಕ್ಷಕ್ಕೆ ಇಳಿಸಿ, 13 ಲಕ್ಷ ನಷ್ಟ ಬರೆಯಬೇಕು. ಮುಂದಿನ ಸವಕಳಿ 27 ಲಕ್ಷದ ಮೇಲೆ. 2021ರ ನಿಯಮದಂತೆ 250 ಕೋಟಿ ವಹಿವಾಟು, 50 ಕೋಟಿ ಸಾಲ ಮೀರದ ಸಣ್ಣ ಕಂಪನಿಗಳು (ಷೇರು ಪೇಟೆ, ಬ್ಯಾಂಕು, ವಿಮೆಯ ಕಂಪನಿಗಳನ್ನು ಬಿಟ್ಟು) ಈ ದುಡಿಮೆಯ ಬೆಲೆಯನ್ನು ಬಡ್ಡಿ ಕಳೆದು ಲೆಕ್ಕ ಹಾಕದೆ, ಸಮಂಜಸ ಅಂದಾಜಿನಿಂದಲೂ ಕಟ್ಟಬಹುದು. ಮುಂದೆ ಪರಿಸ್ಥಿತಿ ಸುಧಾರಿಸಿದರೆ ಇಳಿಸಿದ್ದನ್ನು ಮತ್ತೆ ಏರಿಸಲೂ ಅವಕಾಶವಿದೆ. ಇಳಿಸದೇ ಇದ್ದಿದ್ದರೆ ಎಷ್ಟಿರುತ್ತಿತ್ತೋ ಅದನ್ನು ದಾಟಬಾರದು, ಅಷ್ಟೆ. ಆ ಯಂತ್ರದ ಮೇಲೆ ಬ್ಯಾಂಕ್ ಸಾಲವಿದ್ದರೆ ಈ ಲೆಕ್ಕವನ್ನು ಇನ್ನೂ ಬೇಗ ಮಾಡಿ. ಅಡಮಾನದ ಬೆಲೆ ಇಳಿದದ್ದು ಹರಾಜಿನ ದಿನ ಗೊತ್ತಾಗುವುದು ಯಾರಿಗೂ ಒಳಿತಲ್ಲ.

9. ದೊಡ್ಡವರಿಂದ ಬರಬೇಕಾದ ಬಾಕಿಗೆ ಕಾನೂನಿನ ಬಲ ಬಳಸಿ

ದೊಡ್ಡ ಕಾರ್ಖಾನೆಗೆ ಸರಕು ಕೊಡುವ ಹಾಸನದ ಸಣ್ಣ ಘಟಕಗಳು ಆರು ತಿಂಗಳು ಹಣಕ್ಕೆ ಕಾಯುತ್ತವೆ, ಕೇಳಿದರೆ ಆರ್ಡರ್ ತಪ್ಪೀತೆಂಬ ಭಯ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಂತೆ ನೋಂದಾಯಿತ ಸೂಕ್ಷ್ಮ, ಸಣ್ಣ ಉದ್ದಿಮೆಗೆ 45 ದಿನದೊಳಗೆ ಹಣ ಕೊಡಬೇಕು. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವಂಥದ್ದು. 2023-24ನೇ ಸಾಲಿನಿಂದ, ಗಡುವು ಮೀರಿ ಕೊಟ್ಟ ಹಣಕ್ಕೆ ಕೊಳ್ಳುವವನಿಗೆ ತೆರಿಗೆಯಲ್ಲಿ ಕಡಿತ ಸಿಗುವುದು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ. ಉದ್ಯಮ್ ನೋಂದಣಿ ಸಂಖ್ಯೆಯನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸಿ. ಕಬ್ಬು ಬೆಳೆಗಾರರಿಗೂ ಇಂಥ ಹಕ್ಕಿದೆ: 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಾರ್ಖಾನೆ 14 ದಿನದಲ್ಲಿ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ.

ನಮ್ಮ ಊರಿನ ಕಂಪನಿಗಳ ನಿರ್ದೇಶಕರಲ್ಲಿ ನನ್ನದೊಂದು ಕೋರಿಕೆ. ಪ್ರತಿ ಮೂರು ತಿಂಗಳಿಗೊಮ್ಮೆ ಬಾಕಿಯ ಪಟ್ಟಿಯನ್ನು ಅಕೌಂಟೆಂಟ್ ಜೊತೆ ಕೂತು ಹೆಸರು ಹೆಸರು ಹಿಡಿದು ಓದಿ. ಪ್ರತಿ ಹೆಸರಿನ ಮುಂದೆ ಮೂರು ಪ್ರಶ್ನೆ ಕೇಳಿ: ಹಣ ಯಾವಾಗ ಬರುತ್ತದೆ, ಅದಕ್ಕೆ ಕಾಗದವೇನಿದೆ, ಬಾರದಿದ್ದರೆ ಎಷ್ಟು ಹೋಗುತ್ತದೆ. ಮೂರಕ್ಕೂ ಉತ್ತರವಿಲ್ಲದ ಬಾಕಿಗೆ ಅಂದೇ ಪ್ರೊವಿಜನ್ ಮಾಡಿ, ಆ ಗಿರಾಕಿಗೆ ಹೊಸ ಉದ್ರಿ ನಿಲ್ಲಿಸಿ. ಲಾಭ ಕಡಿಮೆ ಕಂಡ ವರ್ಷವನ್ನು ಕಂಪನಿ ತಾಳಿಕೊಳ್ಳುತ್ತದೆ. ಇಲ್ಲದ ಆಸ್ತಿಯನ್ನು ನಂಬಿ ಮಾಡಿದ ಸಾಲವನ್ನು ತಾಳಿಕೊಳ್ಳುವುದಿಲ್ಲ.